ಡಾರ್ಕ್‌ರೂಮಿನಲ್ಲಿ ಗ್ರಹಣ

ಪಾಸ್‌ಪೋರ್ಟ್ ಫೋಟೋಗೆ ಬಂದವರು ಮಂತ್ರಿಯೇ ಆಗಲಿ, ಮೀನು ಮಾರುವವಳೇ ಆಗಲಿ, ಅವನದು ಒಂದೇ ಮಾತು: “ಗಲ್ಲ ಸ್ವಲ್ಪ ಮೇಲೆ.” ಹೀಗಾಗಿ ಬೀದಿಯವರು ಅವನಿಗೆ ಗಲ್ಲಪ್ಪ ಎಂದೇ ಹೆಸರಿಟ್ಟಿದ್ದರು. ಅವನು ಫೋಟೋ ತೆಗೆಯುವುದು, ಹೆಂಡತಿ ಅದನ್ನು ಅಳತೆಗೆ ಕತ್ತರಿಸಿ ಲಕೋಟೆಗೆ ಹಾಕಿ ಕೊಡುವುದು. ಮದುವೆಯಾದಂದಿನಿಂದ ಆ ಸ್ಟುಡಿಯೋ ನಡೆದದ್ದೇ ಹಾಗೆ. ಗಿರಾಕಿಗಳ ಮುಖಗಳನ್ನು ಕತ್ತರಿಸಿ ಕತ್ತರಿಸಿ, ಊರಿನಲ್ಲಿ ಯಾರ ಕಿವಿ ಎಷ್ಟು ಅಗಲ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಆದ್ದರಿಂದ ಗಂಡನ ಕಣ್ಣು ಕೆಟ್ಟದ್ದು ಮೊದಲು ಗೊತ್ತಾದದ್ದು ಡಾಕ್ಟರಿಗಲ್ಲ, ಅವಳಿಗೆ. ಯಾವುದೋ ದೊಡ್ಡ ಮನೆತನದ ಗುಂಪು ಫೋಟೋ. ಎಡತುದಿಯಲ್ಲಿ ನಿಂತಿದ್ದ ಅಜ್ಜಿಯೂ ಬಲತುದಿಯ ಅಳಿಯನೂ ಅದರಲ್ಲಿ ಇರಲೇ ಇಲ್ಲ. ಅಜ್ಜಿಯ ಕೈ ಮಾತ್ರ ಮೊಮ್ಮಗಳ ಭುಜದ ಮೇಲೆ ಉಳಿದಿತ್ತು. “ಅಳಿಯ ಹೋದ್ರೆ ಹೋಗ್ಲಿ, ನಮ್ಮಮ್ಮ ಎಲ್ಲಿ?” ಎಂದು ಆ ಮನೆಯ ಹಿರಿಯ ಜಗಳಕ್ಕೇ ನಿಂತ. ಅವಳು ಕ್ಯಾಮೆರಾದ ಮೇಲೆ ತಪ್ಪು ಹೊರಿಸಿ ಅವನನ್ನು ಹೇಗೋ ಸಾಗಹಾಕಿದಳು. ಕೆಲವೇ ದಿನಗಳಲ್ಲಿ ಇನ್ನೊಂದು ಫೋಟೋದಲ್ಲೂ ಅಂಚಿನವರು ಮಾಯ. ಅಂದೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

“ಕಣ್ಣಿನ ಒಳಪರದೆ ಅಂಚಿನಿಂದ ಹಾಳಾಗ್ತಾ ಬರ್ತಿದೆ,” ಎಂದರು ಡಾಕ್ಟರಮ್ಮ. “ಕತ್ತಲಲ್ಲಿ ಕಾಣೋದು ಮೊದಲು ಹೋಗುತ್ತೆ. ಆಮೇಲೆ ನಿಧಾನಕ್ಕೆ ಉಳಿದದ್ದೂ. ಇದಕ್ಕೆ ಔಷಧ ಇಲ್ಲ.”

ಮನೆಗೆ ಬಂದವನು ಅಳಲಿಲ್ಲ, ಕೂಗಾಡಲಿಲ್ಲ. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕುಳಿತ. ಬರುವ ಪೂರ್ಣ ಸೂರ್ಯಗ್ರಹಣದ ನೆರಳು ಒಂದು ಹಗಲಿನ ದಾರಿಯಷ್ಟು ದೂರದ ಗುಡ್ಡದ ಮೇಲೆ ಹಾದುಹೋಗುವುದಿತ್ತು. ಹರೆಯದಲ್ಲಿ ಒಮ್ಮೆ ಗ್ರಹಣ ನೋಡಲು ಹೋಗಿ, ಮೋಡ ಕವಿದು, ಬರಿಗೈಯಲ್ಲಿ ಬಂದವನು ಅವನು. ಆ ಕೊರಗು ಹೋಗಿರಲಿಲ್ಲ. ಈಗ ಅದೇ ಹುಚ್ಚಾಗಿ ತಲೆಗೇರಿತು.

“ಎಲ್ಲರ ಮುಖಾನೂ ನೋಡಿದ್ದಾಯ್ತು. ಇದೊಂದು ನೋಡ್ಬಿಡ್ತೀನಿ ಕಣೇ. ಆಮೇಲೆ ಹೋಗೋದು ಹೋಗ್ಲಿ.”

ಹಾಗೆ ಅಂದವನ ಮುಖ ನೋಡಲಾಗದೆ ಅವಳು ಒಲೆಯ ಕಡೆ ತಿರುಗಿದಳು. ತಯಾರಿಯಂತೂ ಜೋರಾಗಿ ನಡೆಯಿತು. ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಗೆ ಎಣ್ಣೆ ಬಿತ್ತು. ಸೂರ್ಯನ ಕಡೆ ತಿರುಗಿಸುವ ಲೆನ್ಸಿಗೆ ಫಿಲ್ಟರ್ ಬಂತು. ಅವಳ ತಮ್ಮನದು ಬಾಡಿಗೆ ವ್ಯಾನು. ಅವನಿಗೆ ಇದೆಲ್ಲ ಒಂದು ಪಿಕ್‌ನಿಕ್. “ಭಾವ, ನೀವು ಹೂಂ ಅನ್ನಿ, ಚಂದ್ರನ ಮೇಲೇ ಗಾಡಿ ಹತ್ತಿಸ್ತೀನಿ. ಪಾರ್ಕಿಂಗ್ ಇರ್ಬೇಕು, ಅಷ್ಟೆ!” ಎಂದು ನಗಿಸುತ್ತಿದ್ದ. ಭಾವನ ಕಣ್ಣಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

ಅವಳಿಗೆ ಮಾತ್ರ ಒಂದು ಯೋಚನೆ ಹೊಕ್ಕು ನಿದ್ದೆ ಕೆಡಿಸಿತು. ಕೊನೆಗೆ ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು. “ರೀ, ಸೂರ್ಯ ಪೂರ್ತಿ ಮುಚ್ಚಿದಾಗ ಕತ್ತಲಾಗುತ್ತಲ್ಲ?”

ಅವನು ಲೆನ್ಸ್ ಒರೆಸುವುದನ್ನು ನಿಲ್ಲಿಸಿದ. ಫಿಲ್ಟರಿನಿಂದ ಹಿಡಿದು ಗಾಳಿಯ ದಿಕ್ಕಿನವರೆಗೆ ಎಲ್ಲ ಲೆಕ್ಕ ಹಾಕಿದವನು ಇದೊಂದನ್ನು ಬೇಕೆಂದೇ ಬಿಟ್ಟಿದ್ದ ಎಂಬುದು ಅವಳಿಗೆ ಆಗ ತಿಳಿಯಿತು.

ಕತ್ತಲಲ್ಲಿ ಅವನಿಗೆ ಎಷ್ಟು ಕಾಣುತ್ತದೆಂದು ನೋಡಲು ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು, ಹಿಂದಿನ ಡಾರ್ಕ್‌ರೂಮಿಗೆ ಹೋದರು. ಫಿಲ್ಮ್ ತೊಳೆಯುವ ಕೆಲಸ ನಿಂತ ಮೇಲೆ ಅದು ಹಳೆಯ ಫ್ರೇಮು, ಮುರಿದ ಸ್ಟೂಲುಗಳ ಕೋಣೆಯಾಗಿತ್ತು. ಒಂದು ಪುಟ್ಟ ಬಲ್ಬು ನೇತುಹಾಕಿ, ಅದರ ಮುಂದೆ ಡಬ್ಬಿಯ ಮುಚ್ಚಳ ಕಟ್ಟಿದಳು; ಸುತ್ತ ತೆಳ್ಳಗೆ ಬೆಳಕಿನ ಬಳೆ ಮೂಡಿತು. ಅದು ಗ್ರಹಣ. ಪಕ್ಕದಲ್ಲಿ ಸ್ಟುಡಿಯೋದ ದೊಡ್ಡ ದೀಪ, ಅದು ಹಗಲು. ದೊಡ್ಡ ದೀಪ ಆರಿಸಿದಳು. ಕ್ಯಾಮೆರಾದ ಗುಂಡಿಗಳೆಲ್ಲ ಅವನ ಬೆರಳಿಗೆ ತಾವಾಗಿಯೇ ಸಿಕ್ಕವು, ಸೂರ್ಯ ಪೂರ್ತಿ ಮುಚ್ಚಿದಾಗ ತೆಗೆಯಬೇಕಾದ ಫಿಲ್ಟರ್ ಸಲೀಸಾಗಿ ಕಳಚಿ ಬಂತು. ಆದರೆ ತಲೆಯನ್ನು ಅತ್ತ ಇತ್ತ ತಿರುಗಿಸುತ್ತ ಅವನು ಖಾಲಿ ಗೋಡೆಯನ್ನು ನೋಡುತ್ತಿದ್ದ.

“ಇಲ್ಲ ಕಣೇ,” ಎಂದ. “ಏನೂ ಇಲ್ಲ.”

ಅವಳು ದೀಪ ಹಾಕಿ, ಅವನ ಎದುರು ಕುಳಿತಳು. “ಬೇಡ ರೀ. ಅಷ್ಟು ದೂರ ಹೋಗಿ, ಊರವರೆಲ್ಲ ಆಹಾ ಅಂತ ಕೂಗೋವಾಗ ನೀವು ಒಬ್ರೇ ಹೀಗೆ ನಿಂತಿರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ. ನನ್ನಾಣೆ, ಬಿಟ್ಬಿಡಿ.”

“ಕತ್ತಲಿಗೆ ಒಗ್ಗೋಕೆ ನನ್ನ ಕಣ್ಣಿಗೆ ಹೊತ್ತು ಬೇಕು, ಅಷ್ಟೇ. ಮೊದಲೇ ಬಟ್ಟೆ ಕಟ್ಕೊಂಡು ಕೂತ್ಕೋತೀನಿ. ಪೂರ್ತಿ ಮುಚ್ಚಿದ ತಕ್ಷಣ ನೀನು ಹೇಳು, ಬಿಚ್ತೀನಿ. ಇನ್ನೊಂದ್ಸಲ ನೋಡೋಣ.” ಅವನು ಕೈ ಮುಗಿದೇಬಿಟ್ಟ. ಎಂದೂ ಯಾರ ಮುಂದೆಯೂ ಕೈ ಚಾಚದವನು. “ಕಾಣ್ಲಿಲ್ಲ ಅಂದ್ರೆ ಹೋಗೋದು ಬೇಡ. ಕ್ಯಾಮೆರಾ ಕಟ್ಟಿಟ್ಬಿಡ್ತೀನಿ. ಸರೀನಾ?”

ಅವಳು ಒಪ್ಪಿದಳು. ಕಪ್ಪು ಬಟ್ಟೆಯನ್ನು ಮಡಚಿ ಮಡಚಿ ತಾನೇ ಅವನ ಕಣ್ಣಿಗೆ ಕಟ್ಟಿದಳು. ದೊಡ್ಡ ದೀಪ ಉರಿಯುತ್ತಿತ್ತು. ಅವನು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ತನ್ನ ಗಿರಾಕಿಗಳಂತೆಯೇ ಗಲ್ಲ ಸ್ವಲ್ಪ ಮೇಲೆತ್ತಿ ಕಾಯುತ್ತಿದ್ದ. ಆ ಮುಖವನ್ನು ಅವಳು ಕಣ್ತುಂಬ ನೋಡಿದಳು. ಇವನಿಗೆ ಕಾಣಲಪ್ಪಾ, ಇದೊಂದೇ ಒಂದು ಸಲ ಕಾಣಲಿ ಎಂದು ಯಾರನ್ನೋ ಬೇಡಿಕೊಂಡಳು. ಸಾಕಷ್ಟು ಹೊತ್ತಾಯಿತು ಅನ್ನಿಸಿದಾಗ ಎದ್ದು ಸ್ವಿಚ್ ಒತ್ತಿ, “ಈಗ ಬಿಚ್ಚಿ!” ಎಂದಳು.

ಕೋಣೆ ಗವ್ವೆಂದಿತು. ಮುಚ್ಚಳದ ಸುತ್ತ ಬಳೆಯೂ ಇಲ್ಲ, ಏನೂ ಇಲ್ಲ. ದೊಡ್ಡ ದೀಪದ ಬೆಳಕಿನಲ್ಲಿ ಆ ಪುಟ್ಟ ಬಲ್ಬು ಯಾವಾಗಲೋ ಸುಟ್ಟುಹೋದದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ತಡೀರಿ ಎನ್ನಲು ಬಾಯಿ ತೆರೆದಳು.

“ಕಾಣಿಸ್ತು!” ಎಂದ ಅವನು. “ಕಾಣಿಸ್ತು ಕಣೇ! ಸುತ್ತ ಬೆಳ್ಳಗೆ, ಬಳೆ ಹಾಗೆ... ಎಷ್ಟು ಚೆನ್ನಾಗಿದೆ!”

ಬಲ್ಬು ಹೋಗಿದೆ ಎಂದು ಒಂದು ಮಾತು ಸಾಕಿತ್ತು. ಕ್ಯಾಮೆರಾ ಗೂಡು ಸೇರುತ್ತಿತ್ತು, ಗುಡ್ಡದ ಮೇಲೆ ಅವನ ಮುಖ ನೋಡುವ ಸಂಕಟ ಅವಳಿಗೆ ತಪ್ಪುತ್ತಿತ್ತು. ಇಷ್ಟು ವರ್ಷ ಬಾಳಿ ನನಗೇ ಸುಳ್ಳು ಹೇಳುತ್ತಾನಲ್ಲ ಎಂದು ಸಿಟ್ಟು ಬಂತು. ಸುಳ್ಳು ಹೇಳಿಯಾದರೂ ಹೋಗಬೇಕೆನ್ನುವ ಅವನ ಗತಿ ನೆನೆದು ಆ ಸಿಟ್ಟು ಕರಗಿಹೋಯಿತು.

“ನಿಂಗೂ ಕಾಣ್ತಿದೆ ತಾನೆ?” ಅವನ ದನಿ ಸಣ್ಣಗಾಗಿತ್ತು.

“ಕಾಣ್ತಿದೆ ರೀ,” ಎಂದಳು. “ತಮ್ಮನಿಗೆ ಹೇಳ್ತೀನಿ, ಹೊರಡೋಣ.”

ಅವನ ಕೈ ಕತ್ತಲಲ್ಲಿ ತಡಕಾಡುತ್ತ ಬಂದು ಅವಳ ಮಣಿಕಟ್ಟು ಹಿಡಿಯಿತು.

“ನಿಂಗೆ ಹೇಗೆ ಕಾಣ್ತಿದೆ?”

ಅವಳು ಎಂದೂ ಗ್ರಹಣ ನೋಡಿದವಳಲ್ಲ. ಕಣ್ಣು ಮುಚ್ಚಿಕೊಂಡಳು. “ಮಧ್ಯೆ ಕಪ್ಪಗಿದೆ ರೀ, ಕಾಡಿಗೆ ಹಾಗೆ. ಸುತ್ತ ಬೆಳಕು. ಒಂದೇ ಸಮ ಇಲ್ಲ, ಒಂದು ಕಡೆ ಕೂದಲು ಕೆದರಿದ ಹಾಗೆ ಹೊರಗೆ ಬಂದಿದೆ. ಅಲ್ಲಿ ಕೆಳಗೆ, ಅಂಚಲ್ಲಿ...” ಮುಂದೇನು ಹೇಳಬೇಕೋ ತಿಳಿಯದೆ ನಿಲ್ಲಿಸಿದಳು.

“ನಿಲ್ಲಿಸ್ಬೇಡ,” ಎಂದ ಅವನು. “ಅಂಚಲ್ಲಿ ಏನಿದೆ ಹೇಳು.”