ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಉಳಿದ ಓಟು

ಸುಧಾ, ಹೋದ ಚುನಾವಣೆಯಲ್ಲಿ ನಿನ್ನ ಓಟನ್ನು ನಾನು ಅಂಚೆಗೆ ಹಾಕಲಿಲ್ಲ. ಹಾಕಿದೆ ಎಂದು ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಅಮೆರಿಕದಲ್ಲಿ ಹತ್ತು ವರ್ಷ ದುಡಿದು ಪೌರತ್ವ ಪಡೆದವಳು ನೀನು. ನನ್ನನ್ನು ಕಟ್ಟಿಕೊಂಡು ಸಿಂಗಪುರಕ್ಕೆ ಬಂದವಳು. ಆ ದೇಶದಿಂದ ನಿನಗೆ ಉಳಿದದ್ದು ಒಂದು ಪಾಸ್‌ಪೋರ್ಟು ಮತ್ತು ಆ ಓಟು. ತಿಂಗಳುಗಳ ಮೊದಲೇ ಅರ್ಜಿ ಹಾಕಿ ಮತಪತ್ರ ತರಿಸಿಕೊಂಡಿದ್ದೆಯಲ್ಲ! ಸಹಿ ಹಳೆಯದಕ್ಕೆ ಹೊಂದದಿದ್ದರೆ ತಿರಸ್ಕರಿಸುತ್ತಾರೆಂದು ಟ್ಯಾಂಪಿನೀಸಿನ ನಮ್ಮ ಊಟದ ಮೇಜಿನಲ್ಲಿ ಕೂತು, ಕರೆಂಟ್ ಬಿಲ್ಲಿನ ಹಿಂದೆ ಹತ್ತು ಸಲ ಸಹಿ ತಿದ್ದಿದವಳು ನೀನು. "ಎಂಆರ್‌ಟಿ ಟ್ರೈನಿಗೆ ಹೋಗ್ತಾ ಪೋಸ್ಟ್ ಮಾಡ್ಬಿಡು. ಮರೀಬೇಡ ಕಣೋ," ಎಂದು ನೀನು ಲಕೋಟೆಯನ್ನು ನನ್ನ ಕೈಗಿಟ್ಟೆ.

ಮರೆತೆ. ಅಷ್ಟೇ ಆಗಿದ್ದರೆ — ಇಲ್ಲ, ಅಷ್ಟೇ ಅಲ್ಲ. ಚುನಾವಣೆಗೆ ಇನ್ನೂ ಆರು ದಿನವಿತ್ತು. ಆಫೀಸಿನಲ್ಲಿ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಚಾರ್ಜರ್ ಹುಡುಕುವಾಗ ಲಕೋಟೆ ಕೈಗೆ ಸಿಕ್ಕಿತು. ಕೆಳಮಹಡಿಯಲ್ಲೇ ಕೊರಿಯರ್ ಅಂಗಡಿ; ಅಂದೇ ಕಳಿಸಿದ್ದರೆ ಸಮಯಕ್ಕೆ ತಲುಪುತ್ತಿತ್ತು. ಮೀಟಿಂಗ್ ಇತ್ತು... ಮೀಟಿಂಗ್ ಮುಗಿದ ಮೇಲೂ ನಾನು ಕೆಳಗಿಳಿಯಲಿಲ್ಲ. ಒಂದು ಓಟಿನಿಂದ ಏನು ಮಹಾ ಆಗುತ್ತದೆ ಅನ್ನಿಸಿತು. ನನ್ನದಲ್ಲದ ಓಟಿನ ಬಗ್ಗೆ ಎಷ್ಟು ಸಲೀಸಾಗಿ ಅನ್ನಿಸಿತು, ಛೆ! ಸಂಜೆ ನೀನು ಕೇಳಿದಾಗ ಮೇಲಿಂದ ರೇಗಿದೆ ಬೇರೆ — "ಹಾಕಿದೆ ಮಾರಾಯ್ತಿ, ಎಷ್ಟು ಸಲ ಕೇಳ್ತೀಯ?"

ಚುನಾವಣೆ ಮುಗಿದ ಮೇಲೆ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ಕಿನ ತೆರೆದ ಜಾಗದಲ್ಲಿ, ಕನ್ನಡದವರ ರಾಜ್ಯೋತ್ಸವದ ಊಟ. ಬಿಸಿಬೇಳೆಬಾತ್ ಬಡಿಸುತ್ತಿದ್ದ ಪಕ್ಕದ ಬ್ಲಾಕಿನ ರಘು ಅಂಕಲ್ ನಿನ್ನನ್ನು ರೇಗಿಸಿದರು: "ನಿಮ್ಮ ಅಮೆರಿಕದೋರಿಗೆ ಓಟ್ ಹಾಕೋಕೂ ಸೋಮಾರಿತನ. ಇಲ್ಲಿ ನೋಡಮ್ಮ, ಹಾಕ್ಲೇಬೇಕು, ರೂಲೇ ಇದೆ!"

ನಾನು ಶುರು ಹಚ್ಚಿಕೊಂಡೆ, ದೊಡ್ಡ ಪಂಡಿತನ ಹಾಗೆ. ಅಲ್ಲಿ ಕೆಲಸದ ದಿನವೇ ಮತದಾನ, ಎಷ್ಟೋ ಜನಕ್ಕೆ ರಜೆಯಿಲ್ಲ, ಹೆಸರನ್ನು ತಾವೇ ನೋಂದಾಯಿಸಬೇಕು, ಮನೆ ಬದಲಿಸಿದರೆ ಮತ್ತೆ ಅದೇ ಪಾಡು, ಕೆಲವು ಕಡೆ ಗಂಟೆಗಟ್ಟಲೆ ಕ್ಯೂ... ಎಲ್ಲವೂ ನಿಜವೇ. ನನಗೆ ಗೊತ್ತಿದ್ದ ಇನ್ನೊಂದು ಕಾರಣವನ್ನು ಮಾತ್ರ ಬಿಟ್ಟೆ.

"ಎಲ್ರೂ ಹಾಗಿಲ್ಲ ಅಂಕಲ್. ನಾನು ಇಲ್ಲಿಂದಾನೇ ಹಾಕಿದೀನಿ," ಅಂದೆ ನೀನು. ಎಷ್ಟು ಹೆಮ್ಮೆಯಿತ್ತು ನಿನ್ನ ದನಿಯಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈ ಸಲದ ಮತಪತ್ರವನ್ನು ನಿನ್ನೆ ಲಕೋಟೆಗೆ ಹಾಕಿ, ಅಂಟಿಸಿ, ನನ್ನ ಕೈಗೇ ಕೊಟ್ಟೆಯಲ್ಲ — "ಹೋದ ಸಲದ ಹಾಗೆ ನೀನೇ ಹಾಕ್ಬಿಡು" ಎಂದು — ಅದನ್ನು ನಾನು ಬ್ಯಾಗಿಗೆ ಹಾಕಲಿಲ್ಲ.

ಅದು ಇಲ್ಲೇ ಮೇಜಿನ ಮೇಲಿದೆ. ಪಕ್ಕದಲ್ಲಿ ಹಳೆಯದನ್ನೂ ಇಟ್ಟಿದ್ದೇನೆ, ಅಂಟು ಬಿಡಿಸಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಹೊಸದನ್ನು ನೀನೇ ಹಾಕು, ಸುಧಾ. ರಘು ಅಂಕಲ್‌ಗೆ ನಾನೇ ಹೇಳುತ್ತೇನೆ.