ಆ ಕಡೆಯಿಂದ ತೆರೆಯುವ ಬಾಗಿಲು

ಮಾಮನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿಗ್ನಲ್ ಎಳೆಯುವ ಕಬ್ಬಿಣದ ಹಿಡಿಯ ಸಂದಿಗೆ ಸಿಕ್ಕಿದ್ದಂತೆ. ಆ ಬೆರಳು ಟ್ಯಾಬಿನ ಗಾಜನ್ನು ತಟ್ಟನೆ ಮುಟ್ಟುತ್ತಿರಲಿಲ್ಲ. ನಾಲ್ಕು ಅಂಗುಲ ಮೇಲೆ ನಿಂತು, ಏನನ್ನು ಮುಟ್ಟಬೇಕೋ ಅದನ್ನು ತೋರಿಸುತ್ತಿತ್ತು. ಬಾಯಿ ಅದರ ಹೆಸರು ಹೇಳುತ್ತಿತ್ತು. "ಕೆಂಪು ಹಿಡಿ. ಬಲಗಡೆಗೆ." ಆಮೇಲೆ ಟಕ್ ಎಂದು ಉಗುರಿನ ಸದ್ದು. ಮುಟ್ಟುವ ಮುಂಚೆ ತೋರಿಸಬೇಕು, ತೋರಿಸುವ ಮುಂಚೆ ನೋಡಬೇಕು ಎಂಬುದು ಅವರ ಶಾಸ್ತ್ರ. ಆಟಕ್ಕೂ ಅದೇ, ಮಾತ್ರೆ ನುಂಗುವುದಕ್ಕೂ ಅದೇ.

ಅವರು ನನ್ನ ತಾಯಿಯ ತಮ್ಮ. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನಬೇಕಿತ್ತು. ಚೆನ್ನೈ ನೀರು ಕುಡಿದು ಅವರು ಮಾಮಿಯಾಗಿದ್ದರು, ನಾನು ಅವರ ಬಾಯಲ್ಲಿ ತಮಿಳರ ಮುದ್ದಿನ 'ಕಣ್ಣು' ಆಗಿದ್ದೆ. ಹೊಸೂರು ಕಡೆಯ ಒಂಟಿ ಹಳಿಯ ಸಣ್ಣಸಣ್ಣ ಸ್ಟೇಷನ್‌ಗಳಲ್ಲಿ ಸ್ಟೇಷನ್ ಮಾಸ್ಟರಾಗಿ ಕೂದಲು ನರೆಸಿಕೊಂಡು, ನಿವೃತ್ತರಾದ ಮೇಲೆ ಮಾಮ ಪೆರಂಬೂರಿನಲ್ಲಿ ಗಾಡಿಯ ಸದ್ದು ಕೇಳಿಸುವಷ್ಟು ಹತ್ತಿರ ಒಂದು ಮನೆ ಹಿಡಿದರು. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ನಾನು ಓದಿದ್ದು ತಮಿಳು ಶಾಲೆಯಲ್ಲಿ. ನನಗೆ ಕನ್ನಡ ಅಕ್ಷರ ತಿದ್ದಿಸಿದವರು ಈ ಮಾಮನೇ, ರಜೆಗೆಂದು ಅವರ ಕ್ವಾರ್ಟರ್ಸಿಗೆ ಹೋದಾಗ, ರೈಲ್ವೆಯ ಹಳೆಯ ಕಾಗದಗಳ ಬೆನ್ನಿನ ಮೇಲೆ. ನನ್ನ ಬಾಯಲ್ಲಿ ಇವತ್ತು ನಾಲ್ಕು ಒಳ್ಳೆಯ ಕನ್ನಡ ಮಾತಿದ್ದರೆ ಮೂರು ಅವರವು.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಪಾರ್ಶ್ವವಾಯು ಬಡಿದು ಬಲಗಡೆ ಸೋತಿತು. ಆಸ್ಪತ್ರೆಯಿಂದ ಮನೆಗೆ ತಂದ ದಿನ ಕೆಳಗಿನ ಅಂಗಡಿಗಳ ನಾಲ್ವರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮಹಡಿ ಹತ್ತಿಸಿದರು. ಎರಡನೆಯ ಮಹಡಿಯ ತಿರುವಿನಲ್ಲಿ ಕುರ್ಚಿ ಓರೆಯಾಗಿ, ಬಾಗಿಲಿಗೆ ಬಂದು ನಿಂತವರೆಲ್ಲ "ಪಾವಂ, ಪಾವಂ", ಅಯ್ಯೋ ಪಾಪ, ಎಂದರಂತೆ. ಆ ಮಾತು ಅವರಿಗೆ ಎಲ್ಲಿ ನಾಟಿತೋ, ಇನ್ನು ಮೇಲೆ ಯಾರೂ ನನ್ನನ್ನು ಹೊರಕೂಡದು ಎಂದುಬಿಟ್ಟರು. ಹೊರಬೇಡಿ ಎಂದರೆ ಇಳಿಯುವ ಹಾಗಿಲ್ಲ. ನಾಲ್ಕು ವರ್ಷ ಇಳಿಯಲಿಲ್ಲ. ಅವರು ಇಳಿಯದ್ದರಿಂದ ಮಾಮಿಯ ಲೋಕವೂ ತರಕಾರಿ ಗಾಡಿಯಿಂದ ಈಚೆಗೆ, ಹಾಲಿನ ಬೂತಿನಿಂದ ಈಚೆಗೆ ಎಂದು ಕುಗ್ಗಿತು. "ನಿಮ್ಮ ಮಾಮ ನನ್ನನ್ನೂ ಬದಿಯ ಲೂಪ್ ಲೈನಿಗೆ ಹಾಕಿ ನಿಲ್ಲಿಸಿಬಿಟ್ರು, ಕಣ್ಣು, ಮುಂದಿನ ಸಿಗ್ನಲ್ ಇನ್ನೂ ಬಿದ್ದಿಲ್ಲ" ಎಂದು ಮಾಮಿ ನಗುತ್ತಲೇ ಹೇಳುತ್ತಿದ್ದರು. ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಬೆರಳಿಗೆ ವ್ಯಾಯಾಮವಾಗಲಿ ಎಂದು ಟ್ಯಾಬ್ ಕೊಡಿಸಿದ್ದು ಫಿಸಿಯೋಥೆರಪಿಯವರ ಸಲಹೆ. ಅವರು ಬಲಗೈಗೆಂದು ಹೇಳಿದ್ದರು. ಮಾಮ ಎಡಗೈಯಲ್ಲಿ ಶುರು ಮಾಡಿ ಬಲಗೈಯನ್ನು ಮರೆತರು. ಬೀಗ ಹಾಕಿದ ಕೋಣೆಯಿಂದ ಹೊರಬೀಳುವ ಒಗಟಿನ ಆಟಗಳೆಂದರೆ ಪ್ರಾಣ. ಆದರೆ ಎಲ್ಲ ಒಗಟಿಗೂ ಅವರು ಮಣೆ ಹಾಕುತ್ತಿರಲಿಲ್ಲ. ಒಳ್ಳೆಯ ಒಗಟಿನಲ್ಲಿ ಬೀಗದ ಕೀ ಮೊದಲನೆಯ ಕೋಣೆಯಲ್ಲೇ ನಿನ್ನ ಕಣ್ಣ ಮುಂದೆ ಬಿದ್ದಿರಬೇಕು, ನೀನೇ ನೋಡಿರಬಾರದು ಅಷ್ಟೆ, ಎನ್ನುವರು. ಕೀಯನ್ನು ಎಲ್ಲೋ ಏಳನೆಯ ಕೋಣೆಯ ಹೂಕುಂಡದಲ್ಲಿ ಬಚ್ಚಿಟ್ಟ ಆಟವನ್ನು "ಇದು ಒಗಟಲ್ಲ, ಗುಮಾಸ್ತನ ಆಫೀಸು" ಎಂದು ಅಳಿಸಿಹಾಕುವರು. ಸುಳಿವು ಕೊಳ್ಳಲು ಜಾಹೀರಾತು ನೋಡಿ ಎನ್ನುವ ಆಟಗಳಿಗೆ ಅವರಿಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಕೊಲೆ ಪತ್ತೆಯ ಆಟಗಳ ಮೇಲೆ ಅವರಿಗೆ ಬೇರೆಯೇ ತಕರಾರು. ಅದರಲ್ಲಿ ಸತ್ತವನಿಗಾಗಿ ಯಾರೂ ಅಳುವುದಿಲ್ಲವಂತೆ. ಬಂದವನು ಬಂದ ಹಾಗೇ ಬೀರು ತೆರೆಯುತ್ತಾನೆ. ಕೊನೆಗೆ ಒಬ್ಬ ಕೆಟ್ಟವನನ್ನು ಹಿಡಿದು ಮುಗಿಸುವುದೂ ಅವರಿಗೆ ಸರಿಬರುತ್ತಿರಲಿಲ್ಲ. ರೈಲ್ವೆಯ ಎಷ್ಟೋ ವಿಚಾರಣೆಗಳಲ್ಲಿ ಕೂತವರು. "ನಾನು ಕಂಡ ಒಂದು ಕೇಸಲ್ಲೂ ಕೆಟ್ಟವನು ಸಿಕ್ಕಲಿಲ್ಲ ಕಣೇ. ಸಿಕ್ಕಿದ್ದೆಲ್ಲ ಅಭ್ಯಾಸ. ದಿನಾ ನೋಡೋನು ಒಂದು ದಿನ ನೋಡ್ದೆ ಹೂಂ ಅಂದಿರ್ತಾನೆ, ಅಷ್ಟೇ."

ಹಲವರು ಕೂಡಿ ಆಡುವ ಆಟವನ್ನು ಅವರು ಒಂದೇ ವಾರ ಆಡಿದ್ದು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಿ ಒಬ್ಬರಿಗೊಬ್ಬರು ಗುಂಡು ಹೊಡೆಯುತ್ತಾರೆ, ಕೊನೆಗೆ ಉಳಿದವನು ಗೆದ್ದ ಹಾಗೆ. ಅವನೊಬ್ಬನೇ ಅಲ್ಲಿ ಏನು ಮಾಡುತ್ತಾನೆ, ಅಡುಗೆ ಯಾರು ಮಾಡುತ್ತಾರೆ ಎಂದು ಮಾಮ ಕೇಳಿದರೆ ಜೊತೆಗಿದ್ದವರು ಇವರನ್ನು ಗುಂಪಿನಿಂದ ತೆಗೆದುಹಾಕಿದರು. ಅದಕ್ಕೆ ಬೇಸರವಿಲ್ಲ. ಬೇಸರವಾದದ್ದು ಆಟದ ನಡುವೆ ಹೇಳದೆ ಕೇಳದೆ ಎದ್ದುಹೋಗುವವರ ಮೇಲೆ. ಬದಲಿಗೆ ಬರುವವನು ಬಂದು ಸಹಿ ಹಾಕುವವರೆಗೆ ಸ್ಟೇಷನ್ ಮಾಸ್ಟರ್ ಕುರ್ಚಿ ಬಿಡುವಂತಿಲ್ಲ. ಹೊಟ್ಟೆ ಹಸಿಯಲಿ, ಮನೆಯಲ್ಲಿ ಹೆರಿಗೆಯಾಗಲಿ. ಪುಸ್ತಕದಲ್ಲಿ ಹೋಗುವವನು 'ಚಾರ್ಜ್ ಕೊಟ್ಟಿದ್ದೇನೆ' ಎಂದು ಬರೆಯಬೇಕು, ಬಂದವನು ಅದರ ಕೆಳಗೆ 'ತೆಗೆದುಕೊಂಡಿದ್ದೇನೆ' ಎಂದು ಬರೆಯಬೇಕು. "ಇವರು ನೋಡಿದ್ರೆ ಉಪ್ಪಿಟ್ಟು ಆಯ್ತು ಅಂತ ಎದ್ದು ಹೋಗ್ತಾರೆ" ಎಂದು ಟ್ಯಾಬನ್ನು ಮಗುಚಿಟ್ಟರು.

ಇಂಥವರು ನನ್ನ ಜೊತೆ ಆಡಲು ಕೂತದ್ದು ನಾನು ಹಾಸಿಗೆ ಹಿಡಿದ ಮೇಲೆ.

ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದಕ್ಕೆ ಐದನೆಯ ತಿಂಗಳಲ್ಲೇ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು ಎಂದರು. ನಮ್ಮ ಮನೆ ಚೆನ್ನೈನ ಗಿಂಡಿ ಬಡಾವಣೆಯಲ್ಲಿ. ಗಂಡನಿಗೆ ಕೆಲಸ ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ, ಊರಿನ ಆ ತುದಿ. ಬಾಗಿಲು ತೆರೆಯಲು ನಾನು ಏಳಬಾರದೆಂದು ಅವರು ಬೆಳಿಗ್ಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಪ್ರೀತಿಯಿಂದಲೇ ಹಾಕಿದ ಬೀಗ. ಆದರೂ ಬೀಗ ತಿರುಗುವ ಸದ್ದು ಕೇಳಿದಾಗ ಪ್ರತಿದಿನ ನಾನು ಕಣ್ಣನ್ನು ಫ್ಯಾನಿಗೆ ನೆಡುತ್ತಿದ್ದೆ. ಫ್ಯಾನಿನ ಮೂರು ರೆಕ್ಕೆಗಳಲ್ಲಿ ಯಾವುದಕ್ಕೆ ಎಷ್ಟು ಧೂಳು ಹಿಡಿದಿದೆ ಎಂದು ಈಗಲೂ ಹೇಳಬಲ್ಲೆ.

ಮಾಮನಿಗೆ ಹೀಗೆ ಎಂದು ಗೊತ್ತಾದ ದಿನ ಫೋನ್ ಮಾಡಿದರು. ಹೇಗಿದ್ದೀಯ ಎಂದು ಕೇಳಲಿಲ್ಲ. ಆ ಬೀಗಕ್ಕೆ ಇನ್ನೊಂದು ಕೀ ಎಲ್ಲಿದೆ ಎಂದು ಕೇಳಿದರು. ಎದುರು ಮನೆಯಾಕೆಯ ಹತ್ತಿರ ಎಂದೆ. ಆಕೆ ಮನೆ ಬಿಡುವ ಹೊತ್ತು ಯಾವುದು, ಆಕೆಯ ಫೋನ್ ನಂಬರೇನು ಎಂದು ಬರೆದುಕೊಂಡರು. ನನಗೆ ಸಿಟ್ಟೇ ಬಂತು. ಆಮೇಲೆ, ಇಬ್ಬರೇ ಆಡುವ ಒಂದು ಆಟವಿದೆ, ಇಳಿಸಿಕೋ ಎಂದರು.

ಆಟದಲ್ಲಿ ಎರಡು ಬೀಗ ಹಾಕಿದ ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅವರು. ನನ್ನ ಗೋಡೆಯ ಮೇಲಿನ ಚಿತ್ರ ಅವರ ಬೀಗಕ್ಕೆ ಸುಳಿವು; ಅವರ ಕೋಣೆಯ ಹಿಡಿ ಎಳೆದರೆ ನನ್ನ ಬಾಗಿಲು ತೆರೆಯುತ್ತದೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಫೋನಿನಲ್ಲಿ ಮಾತು ಮಾತ್ರ. ಒಬ್ಬರೇ ಹೊರಗೆ ಬಂದರೆ ಆಟ ಮುಗಿಯುವುದಿಲ್ಲ. ಮಾಮನಿಗೆ ಇದು ಹೊಸದಾಗಿ ಕಾಣಲಿಲ್ಲ. ಒಂಟಿ ಹಳಿಯಲ್ಲಿ ಗಾಡಿ ಬಿಡಬೇಕಾದರೆ ಮುಂದಿನ ಸ್ಟೇಷನ್ನಿನವನು ಒಪ್ಪಬೇಕು. ಒಪ್ಪಿದ್ದಕ್ಕೆ ಗುರುತಾಗಿ ಅವನು ತನ್ನ ಪಟ್ಟಿಯಿಂದ ಒಂದು ಸಂಖ್ಯೆ ಹೇಳಿ ಅದನ್ನು ಹೊಡೆದುಹಾಕುತ್ತಾನೆ. ಅದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ನಮ್ಮ ಆಟಕ್ಕೂ ಅದು ಬೇಕೆಂದರು. ಎಡಗೈಯಲ್ಲಿ ಕಷ್ಟಪಟ್ಟು ಬರೆದ ಸಂಖ್ಯೆಗಳ ಹಾಳೆಯೊಂದು ಚಟ್ನಿಪುಡಿಯ ಡಬ್ಬಿಯೊಳಗೆ ಮಡಿಸಿಕೊಂಡು ನನ್ನ ಗಂಡನ ಕೈಯಲ್ಲಿ ಬಂತು. ಒಂದು ಸಂಖ್ಯೆ ಒಂದೇ ಸಲ. ಅವರು ಹಿಡಿ ಎಳೆಯುವ ಮುಂಚೆ ನಾನು ಪಟ್ಟಿ ನೋಡಿ, ಹೇಳಿ, ಪೆನ್ಸಿಲಿನಲ್ಲಿ ಹೊಡೆಯಬೇಕು. ಅವರು ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು.

ಇದೆಲ್ಲ ಯಾಕೆ ಮಾಮ, ನಾನು ಹೂಂ ಎಂದರೆ ಸಾಲದೆ ಎಂದು ಒಮ್ಮೆ ಕೇಳಿದೆ.

"ಹೂಂ ಅನ್ನೋದು ನಿದ್ದೇಲೂ ಬರತ್ತೆ. ನಂಬರ್ ಹೇಳ್ಬೇಕಾದ್ರೆ ಕಣ್ಣು ತೆಗೀಬೇಕು."

ಹೀಗೆ ದಿನಕ್ಕೆ ಎರಡು ಗಂಟೆ. ಅಡುಗೆಮನೆಯಿಂದ ಮಾಮಿ ನಮ್ಮಿಬ್ಬರನ್ನೂ ಅಣಕಿಸುವರು. ನಾನು ಮೂರು ತಿಂಗಳು ಗಿಂಡಿಯ ಮಂಚದಿಂದ ಏಳದೆ ಹದಿಮೂರು ಕೋಣೆ ದಾಟಿದೆ.

ಎಂಟನೆಯ ತಿಂಗಳು ಬಿದ್ದ ಹೊಸದರಲ್ಲಿ ಎರಡು ಸಲ ನೋವು ಬಂದಂತಾಗಿ ಗಂಡ ಕೆಲಸ ಬಿಟ್ಟು ಓಡಿಬಂದಿದ್ದರು. ಎರಡು ಸಲವೂ ಆಸ್ಪತ್ರೆಯಲ್ಲಿ ಏನೂ ಇಲ್ಲ ಎಂದು ಕಳಿಸಿದ್ದರು. ಅವರು ಒಂದು ಮಾತೂ ಆಡಲಿಲ್ಲ, ಆದರೆ ಶಿಫ್ಟ್ ಇಂಚಾರ್ಜ್ ಆಡಿದ್ದು ನನಗೆ ತಿಳಿದಿತ್ತು. ಮೂರನೆಯ ಸಲ ಬೆಳಿಗ್ಗೆ ಹತ್ತಕ್ಕೆ ನೋವು ಶುರುವಾದಾಗ ಸಂಜೆಯವರೆಗೆ ತಡೆದುಕೊಳ್ಳುತ್ತೇನೆ ಎಂದು ನಾನೇ ತೀರ್ಮಾನಿಸಿದೆ. ಇಂಥ ಜಾಣತನ ನಮ್ಮಂಥವರಿಗೇ ಬರುವುದು. ಮಾಮನ ಫೋನ್ ಬಂದಾಗ ದನಿ ಸರಿಮಾಡಿಕೊಂಡು ಆಟಕ್ಕೆ ಕೂತೆ.

ನನ್ನ ಬಾಗಿಲು ತೆರೆಯುವ ಹಿಡಿಯ ಮೇಲೆ ಅವರ ಬೆರಳು ನಿಂತಿತ್ತು. ನಂಬರ್ ಕೇಳಿದರು. ಹಾಳೆ ನೆಲಕ್ಕೆ ಬಿದ್ದಿತ್ತು. ಬಾಯಿಗೆ ಬಂದದ್ದು ಹೇಳಿದೆ, ಅರವತ್ತೆಂಟು. ಉಗುರಿನ ಸದ್ದು ಬರಲಿಲ್ಲ. ಪುಟ ತಿರುಗಿಸುವ ಸದ್ದು ಬಂತು.

"ಅರವತ್ತೆಂಟು ಸೋಮವಾರ ಕೊಟ್ಟಿದ್ದೀಯ. ಪಟ್ಟಿ ಎಲ್ಲಿ?"

"ಕೆಳಗೆ ಬಿತ್ತು ಮಾಮ."

"ತಗೋ."

"ಆಗ್ತಿಲ್ಲ."

ಆ ಕಡೆ ಟ್ಯಾಬನ್ನು ಮಗುಚಿಟ್ಟ ಸದ್ದಾಯಿತು. ಆಮೇಲೆ ಅವರು ಬಹಳ ಮೆಲ್ಲಗೆ, ನಾನು ಅಕ್ಷರ ತಪ್ಪಿದಾಗ ಕೇಳುತ್ತಿದ್ದ ದನಿಯಲ್ಲಿ, "ಈಗ ನಿಜ ಹೇಳು" ಎಂದರು. ಹೇಳಿದೆ. ನೋವು ಹೇಳಿದೆ, ಸೀರೆ ಒದ್ದೆಯಾದದ್ದು ಹೇಳಿದೆ, ರಕ್ತ ಹೇಳಿದೆ.

ನನ್ನ ಜೊತೆ ಮಾತಾಡುತ್ತಿದ್ದ ಫೋನನ್ನು ಅವರು ಇಡಲಿಲ್ಲ. ಮಾಮಿಯ ಫೋನಿನಿಂದ ಎದುರು ಮನೆಯಾಕೆಗೆ, ಆಂಬುಲೆನ್ಸಿಗೆ, ನನ್ನ ಗಂಡನಿಗೆ ಮಾಡಿಸಿದರು. ಆಕೆ ಕೀ ಹಾಕಿ ಒಳಗೆ ಬಂದು ಹಾಳೆಯನ್ನು ಎತ್ತಿ ನನ್ನ ಕೈಗಿಟ್ಟಳು. ಓದು ಎಂದರು ಮಾಮ. ಒಂದೊಂದು ನೋವಿಗೂ ಒಂದೊಂದು ಸಂಖ್ಯೆ ಓದಿದೆ. ಆ ಕಡೆಯಿಂದ ಅವರು ಅದನ್ನು ತಿರುಗಿ ಹೇಳುತ್ತಿದ್ದರು. ಏಳನೆಯ ಸಂಖ್ಯೆಗೆ ಆಂಬುಲೆನ್ಸ್ ಬಂತು. ಮಾಮಿಗೆ ಅವರು ನೀನೂ ಹೊರಡು ಎಂದದ್ದು ಫೋನಿನಲ್ಲಿ ನನಗೇ ಕೇಳಿಸಿತು.

"ನಿಮ್ಮನ್ನ ಒಬ್ಬರನ್ನೇ ಬಿಟ್ಟಾ?"

"ನಾನೇನು ಓಡಿಹೋಗ್ತೀನಾ?"

ಇನ್ನರ್ಧ ಗಂಟೆ ತಡವಾಗಿದ್ದರೆ ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದ ಮಾತನ್ನು ನಾನು ಇವತ್ತಿಗೂ ಪೂರ್ತಿ ಮಾಡಿಕೊಂಡಿಲ್ಲ. ಮಗು ಬದುಕಿತು. ಒಂದು ಮೊಳವೂ ಇಲ್ಲದ ಹುಡುಗಿ, ಗಾಜಿನ ಪೆಟ್ಟಿಗೆಯೊಳಗೆ.

ಐದನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನಲ್ಲಿ ಮಾಮಿ ನನ್ನ ತಲೆ ಬಾಚುತ್ತಿದ್ದರು. ವರಾಂಡದ ಆ ತುದಿಯಲ್ಲಿ ಒಬ್ಬ ಆಟೋದವನ ತೋಳು ಹಿಡಿದು ಮಾಮ ಬರುತ್ತಿದ್ದರು. ಮಾಮಿಯ ಕೈಯಿಂದ ಬಾಚಣಿಗೆ ಬಿತ್ತು. ಯಾರು ಹೊತ್ತು ಇಳಿಸಿದರು ಎಂದು ಕೇಳುವ ಮುಂಚೆಯೇ ಅವರು ಮಗುವಿದ್ದ ಕೋಣೆಯ ಗಾಜಿನ ಕಡೆ ತಿರುಗಿದರು, ಉತ್ತರ ಕಾಣಿಸಿತು. ಬಿಳಿ ಪಂಚೆಯ ಹಿಂಭಾಗವೆಲ್ಲ ಮೂರು ಮಹಡಿಯ ಮೆಟ್ಟಿಲ ಕೊಳೆ. ಒಂದೊಂದು ಮೆಟ್ಟಿಲಿಗೂ ಕೂತು, ಜಾರಿ, ಮತ್ತೆ ಕೂತು ಇಳಿದಿದ್ದರು. ತಿರುವಿನಲ್ಲಿ ಪಾವಂ ಎಂದವರು ಸಿಗಲಿಲ್ಲವೇ ಎಂದು ಆಮೇಲೆ ಕೇಳಿದೆ. ಸಿಕ್ಕರಂತೆ. ಇವರು ನಿಲ್ಲಲಿಲ್ಲವಂತೆ.

ಸೀಳು ಉಗುರಿನ ಬೆರಳು ಗಾಜಿನಿಂದ ನಾಲ್ಕು ಅಂಗುಲ ದೂರ ನಿಂತಿತು. ಮುಟ್ಟಲಿಲ್ಲ.

"ಇವಳದ್ದೂ ಹೊರಗಿಂದಲೇ ತೆಗೀಬೇಕಾದ ಬಾಗಿಲು" ಎಂದರು. "ಕಾಯೋಣ."

ಅಲ್ಲಿಂದ ಮುಂದೆ ತಿಂಗಳಿಗೆ ಎರಡು ಸಲ ಹಾಗೇ ಕೂತು ಇಳಿದು ಗಿಂಡಿಗೆ ಬಂದರು, ಹಾಗೇ ಕೂತು ಹಿಮ್ಮುಖವಾಗಿ ಹತ್ತಿದರು. ಪಂಚೆ ಸವೆಯುತ್ತದೆಂದು ಮಾಮಿ ಒಂದು ದಪ್ಪ ಬಟ್ಟೆಯನ್ನು ಒಳಗಡೆ ಹೊಲಿದು ಕೊಟ್ಟರು. ಮಾಮಿಯೂ ಜೊತೆಗೆ ಇಳಿದು, ಬೀಚ್ ನೋಡಿ, ತಂಗಿಯ ಮನೆಗೆ ಹೋಗಿ, ಮದುವೆಗಳಲ್ಲಿ ಉಂಡು ಬಂದರು. ಮೂರು ವರ್ಷ ಹೀಗೆ ನಡೆಯಿತು. ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ, ಊಟವಾದ ಮೇಲೆ ಮಲಗಿದ ಮಾಮ ಏಳಲಿಲ್ಲ. ಆವತ್ತು ಮಾತ್ರ ನಾಲ್ವರು ಅವರನ್ನು ಹೊತ್ತು ಇಳಿಸಿದರು. ಎರಡನೆಯ ಮಹಡಿಯ ತಿರುವಿನಲ್ಲಿ ನಾನು ಮುಂದೆ ನಿಂತು, ಮೆಲ್ಲಗೆ, ಓರೆ ಮಾಡಬೇಡಿ ಎಂದೆ.

ಕರ್ಮವೆಲ್ಲ ಮುಗಿದ ಮೇಲೆ ಮಾಮಿ ಆ ನೋಟ್‌ಬುಕ್ಕನ್ನು ತಂದು ಎದುರಿಗಿಟ್ಟರು. ನನ್ನ ಸಂಖ್ಯೆಗಳೆಲ್ಲ ಇದ್ದವು. ಎರಡನೆಯ ಸಲದ ಅರವತ್ತೆಂಟರ ಸುತ್ತ ಒಂದು ವೃತ್ತ. ಕೊನೆಯ ಪುಟದಲ್ಲಿ ಸೊಟ್ಟ ಎಡಗೈ ಅಕ್ಷರಗಳಲ್ಲಿ 'ಚಾರ್ಜ್ ಕೊಟ್ಟಿದ್ದೇನೆ' ಎಂದು ಬರೆದು ಸಹಿ ಹಾಕಿದ್ದರು. ಯಾವಾಗ ಬರೆದಿಟ್ಟರೋ ಮಾಮಿಗೂ ಗೊತ್ತಿಲ್ಲ. ಅದರ ಕೆಳಗೆ ಒಂದು ಸಾಲು ಖಾಲಿ.

ಮಾಮಿ ಪೆನ್ಸಿಲ್ ತಂದುಕೊಟ್ಟರು.

"ಬರಿ, ಕಣ್ಣು" ಎಂದರು. "ಇಲ್ಲದೇ ಹೋದ್ರೆ ಅವರು ಕುರ್ಚಿ ಬಿಟ್ಟು ಏಳಲ್ಲ."

ಅವರು ತಿದ್ದಿಸಿದ ಅಕ್ಷರಗಳಲ್ಲೇ ಬರೆದೆ, ತೆಗೆದುಕೊಂಡಿದ್ದೇನೆ.