ಓಣಿಯ ನಕಾಶೆಗೆ ಮದುವೆಯ ಮುಯ್ಯಿ

ಒಂದೇ ಒಂದು ಬೆಂಬಲ ಬಿದ್ದಿತ್ತು. ಯಾರಪ್ಪ ಈ ಪುಣ್ಯಾತ್ಮ ಎಂದು ತೆರೆದು ನೋಡಿದೆ. ನಾನೇ!

ಒತ್ತಿದ್ದು ನೆನಪೇ ಇರಲಿಲ್ಲ. ಹೆಂಡತಿಯದಾದರೂ ಇರಬೇಕಿತ್ತಲ್ಲ? ಕೇಳಿದೆ.

"ನಾ ನಮ್ಮ ತಂಗಿ ಗಂಡಗ ಒತ್ತೀನಿ. ಪಾಪ, ಫೋನ್ ಮಾಡಿ ಕೇಳಿದ್ರು. ನೀವು ಕೇಳಿದ್ರೇನು?"

ವಿಷಯ ಇಷ್ಟೇ. ನಮ್ಮ ನಾರಾಯಣಪೇಟೆಯ ನಕಾಶೆಯನ್ನು ಪುರಸಭೆಯವರು ಆನ್‌ಲೈನಿನಲ್ಲಿ ಹಾಕಿದ್ದಾರೆ. ನಿಮ್ಮ ಓಣಿಗೆ ಏನು ಬೇಕೋ ಅಲ್ಲಿ ಗುರುತು ಹಾಕಿ; ಉಳಿದವರು ಬೆಂಬಲ ಒತ್ತುತ್ತಾರೆ. ಒಬ್ಬರಿಗೆ ಒಂದು ಓಣಿಯಲ್ಲಿ ಒಂದೇ ಬೆಂಬಲ. ಶನಿವಾರದವರೆಗೆ ಬದಲಿಸಬಹುದು. ಹೆಚ್ಚು ಬೆಂಬಲ ಬಿದ್ದದ್ದು ಯೋಜನೆಗೆ ಸೇರುತ್ತದೆ.

ನಾನು ಯೂನಿವರ್ಸಿಟಿಯಲ್ಲಿ ಇದನ್ನೇ ಓದಿದವನು. ಊರಿನ ಯೋಜನೆಯಲ್ಲಿ ಜನ ಪಾಲ್ಗೊಳ್ಳುವುದರ ಬಗ್ಗೆ ದೊಡ್ಡ ಪ್ರಬಂಧ ಬರೆದಿದ್ದೆ. (ಅದು ಸಾಧ್ಯ ಎಂದಿದ್ದೆನೋ, ಅಸಾಧ್ಯ ಎಂದಿದ್ದೆನೋ, ಈಗ ಖಾತ್ರಿಯಿಲ್ಲ.)

ನಮ್ಮ ಓಣಿ ಫೋನಿನಲ್ಲಿ ಬರೀ ಖಾಲಿ ಬೂದು ಪಟ್ಟಿ. ಆದರೆ ಬೆಳಗ್ಗೆ ಬಂದು ನೋಡಿ. ಎದುರು ಮನೆಯ ನಾಗಮ್ಮಕ್ಕ ಮತ್ತು ಅವಳ ಸೊಸೆ ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲನ್ನು, ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿರುತ್ತಾರೆ. ಅಷ್ಟುದ್ದದ ಜಾಗ ಯಾರ ಮನೆಯೊಳಗೂ ಇಲ್ಲ. ಓಣಿ ಹೋದರೆ ಅವರ ಮಗ್ಗವೂ ಹೋಯಿತು. ಅದಕ್ಕೇ 'ಇಲ್ಲಿ ಗಾಡಿ ಬೇಡ, ಚಪ್ಪರ ಬೇಕು' ಎಂದು ಗುರುತು ಹಾಕಿದೆ. ಜೊತೆಗೆ ಒಂದು ಪುಟದಷ್ಟು ವಿವರಣೆ.

ನನ್ನ ಷಡ್ಡಕ ಬಸವರಾಜನಿಗೆ ಓಣಿಯ ತುದಿಯಲ್ಲಿ ಸೀರೆ ಅಂಗಡಿ. ಅವನದು ಎರಡೇ ಪದ: 'ಬೈಕ್ ಪಾರ್ಕಿಂಗ್'. ಬೆಂಬಲಗಳು ಪರದೆಯಿಂದ ಹೊರಗೆ ಚೆಲ್ಲುತ್ತಿದ್ದವು!

ಹೊಟ್ಟೆ ಉರಿಯಿತೆ? ಉರಿಯಿತು. ಮಕ್ತಲ್, ಗದ್ವಾಲದ ನೆಂಟರು ಕೂಡ ಒತ್ತಿದ್ದರು. ಅವರ‍್ಯಾಕೆ ನಮ್ಮ ಓಣಿಯಲ್ಲಿ ಬೈಕ್ ನಿಲ್ಲಿಸುತ್ತಾರೆ?

ಒಬ್ಬೊಬ್ಬರ ಹೆಸರನ್ನೂ ಅಸೂಯೆಯಿಂದ ಓದುತ್ತ ಹೋದೆ. ನಡುವೆ ಒಂದು ಕಡೆ ಕಣ್ಣು ನಿಂತಿತು: ನಾಗಮ್ಮ.

ಎದ್ದವನೇ ಎದುರು ಮನೆಗೆ ಹೋದೆ. ನಾಗಮ್ಮಕ್ಕ ಕೈಗೆ ಗಂಜಿ ಮೆತ್ತಿಕೊಂಡೇ ಎದ್ದು ಬಂದಳು.

"ಅಕ್ಕಾ, ನಿನ್ನ ಹಾಸು ಎಳಿಯೋ ಜಾಗದಾಗ ಬೈಕ್ ನಿಲ್ಲಸಾಕ ನೀನೇ ಒತ್ತೀಯಲ್ಲ!"

"ಬಸವರಾಜ ಬಾಯಿಬಿಟ್ಟು ಕೇಳಿದ. ಸೊಸಿ ಫೋನ್‌ದಾಗ ಒತ್ತಿದೆ. ಹ್ಯಾಂಗ ಇಲ್ಲ ಅನ್ನಲೋ ತಮ್ಮಾ? ನಮ್ಮ ದೊಡ್ಡ ಮಗಳ ಮದಿವಿಗೆ ಬಂದು ಮುಂದ ನಿಂತು ಬಡಿಸಿದ. ಆ ಮುಯ್ಯಿ ತೀರಸಬೇಕಲ್ಲ?"

"ನಾನೂ ಬಂದಿದ್ನಲ್ಲ!"

"ನೀ ಎಲ್ಲಿ ಬಂದಿ?"

"ಹೋಳಿಗಿ ಮಾಡ್ಸಿದ್ದಿ. ಹಾಲು ಸಾಲಲಿಲ್ಲಂತ ಬೀಗರು ಸಿಟ್ಟಾಗಿದ್ರು."

ನಾಗಮ್ಮಕ್ಕ ಸೆರಗು ಬಾಯಿಗಿಟ್ಟು ನಕ್ಕಳು. "ನಮ್ಮ ಮದಿವ್ಯಾಗ ಹೋಳಿಗಿ ಎಲ್ಲಿತ್ತೋ? ಬುಂದೆ ಮಾಡ್ಸಿದ್ವಿ. ಅದು ಯಾರದೋ ಬ್ಯಾರೆ ಮದಿವಿ!"

ಇರಬಹುದು. ಹಾಗಾದರೆ ಇವಳ ಮಗಳಿಗೆಂದು ಕೊಟ್ಟ ಉಡುಗೊರೆ ಯಾರ ಕೈ ಸೇರಿತು?

"ನನ್ನ ಬಿಡು. ನಿನ್ನ ಹಾಸಿನ ಗತಿ?" ಅಂದೆ.

"ಓಣಿ ಎಲ್ಲಿಗ್ ಹೋಕ್ಕೈತಿ? ಫೋನ್‌ದಾಗ ಒತ್ತಿದ್ರ ಹಾಸಿನ ಮ್ಯಾಲೆ ಬಂದು ಬೈಕ್ ನಿಲ್ಲಸ್ತಾರೇನು?"

ನಿಲ್ಲಿಸುತ್ತಾರೆ ಅಕ್ಕಾ, ಗೆರೆ ಎಳೆದು, ಬೋರ್ಡ್ ಹಾಕಿ ನಿಲ್ಲಿಸುತ್ತಾರೆ ಎಂದು ಬಿಡಿಸಿ ಹೇಳಿದೆ. ಅವಳ ನಗು ನಿಂತಿತು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ನೂಲನ್ನೊಮ್ಮೆ ನೋಡಿದಳು. ಶನಿವಾರದೊಳಗೆ ಬದಲಿಸಬಹುದು, ನಾನೇ ತೋರಿಸುತ್ತೇನೆ ಎಂದೆ.

"ಕೊಟ್ಟ ಮುಯ್ಯಿ ವಾಪಸ್ ತಗೋತಾರೇನೋ? ಅವನ ಮಾರಿ ಹ್ಯಾಂಗ ನೋಡ್ಲಿ?"

ನಮ್ಮ ಕಡೆ ಬೆಂಬಲ ಎನ್ನುವುದು ಅಭಿಪ್ರಾಯವೇ ಅಲ್ಲ, ಬಾಕಿ. ಜನಕ್ಕೆ ಏನು ಬೇಕು ಎಂದು ನಕಾಶೆ ಕೇಳುತ್ತದೆ. ಜನ, ಯಾರು ಕೇಳಿದರು ಎಂದು ನೋಡಿ ಉತ್ತರಿಸುತ್ತಾರೆ. ಬಸವರಾಜ ನಗರ ಯೋಜನೆ ಓದಿಲ್ಲ. ಆದರೆ ಒಂದು ಮದುವೆಯನ್ನೂ ತಪ್ಪಿಸಿಲ್ಲ. ನನಗಿಂತ ಚೆನ್ನಾಗಿ ಬಡಿಸುತ್ತಾನೆ ಕೂಡ, ಹಾಳಾದವನು.

ಹೊರಡುವಾಗ ನಾಗಮ್ಮಕ್ಕ ಕರೆದಳು. "ಸಣ್ಣಾಕಿ ಮದಿವಿ ಐತಿ, ಮರಿಕಲ್‌ದಾಗ. ಈ ಸಲನಾದ್ರೂ ಬಾ. ಬಂದು ಬಡಸು. ಆಮ್ಯಾಲೆ ಕೇಳು, ನಿನಗ ಒತ್ತೀನಿ."

ಮದುವೆ ಭಾನುವಾರ. ನಕಾಶೆ ಮುಚ್ಚುವುದು ಶನಿವಾರ. ಯೋಜನೆ ಮಾಡುವವರು ಒಮ್ಮೆ ಪಂಚಾಂಗ ನೋಡಬಾರದೆ?